ಚಿಕ್ಕಪ್ಪನಿಗೆ ಸಿಕ್ಕ ಮಾತು

ಕುದುರೆ ಬೆವರಿನ ವಾಸನೆ ಬಂದರೆ ಈಗಲೂ ನೈರೋಬಿಯ ನ್ಗಾರಾ ಬಡಾವಣೆಯ ನಮ್ಮ ಮನೆಯ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಊರ ಹೊರಗಿನ ಬಯಲಲ್ಲಿ ತೆಗೆಯುತ್ತಿದ್ದ ಅಗ್ಗದ ಕೌಬಾಯ್ ಚಿತ್ರಗಳಲ್ಲಿ ಚಿಕ್ಕಪ್ಪ ಗುಂಡು ತಗುಲಿ ಕುದುರೆಯಿಂದ ಬೀಳುವ ಡಕಾಯಿತ. ಆರನೆಯ ಚಿತ್ರದಲ್ಲಿ ಮೊದಲ ಸಲ ಅವನಿಗೊಂದು ಮಾತು ಸಿಕ್ಕಿತ್ತು. ಅದನ್ನು ಕೇಳಿಸಲೆಂದೇ ವಿಡಿಯೋ ಕ್ಯಾಸೆಟ್ ತಂದು ಬಂಧುಗಳನ್ನೆಲ್ಲ ಕರೆದಿದ್ದ. ಟಿವಿಯಲ್ಲಿ ಅವನು ಬಾಯಿ ತೆರೆದಾಗ ಬೇರೆ ಯಾರದೋ ಗಡಸು ದನಿ ಕೇಳಿಸಿತು.

“ಇದು ನಿನ್ನ ಸ್ವರ ಅಲ್ವಲ್ಲ ಮಗಾ?” ಅಜ್ಜಿ ಕೇಳಿದರು.

“ನನ್ನ ಇಂಗ್ಲಿಷ್ ಅವರಿಗೆ ಹಿಡಿಸ್ಲಿಲ್ಲ ಅಂತ ಕಾಣ್ತದೆ, ಅಮ್ಮ.”

ಅಪ್ಪ ಟಿವಿ ಆರಿಸಿ, “ನಾಳೆಯಿಂದ ನಮ್ಮ ಅಂಗಡಿಗೆ ಬಾ” ಎಂದರು. ಚಿಕ್ಕಪ್ಪ ಆಗಲೆಂದು ತಲೆಯಾಡಿಸಿದ.

ಆಗ ನಾನು ಎದೆ ಹಿಡಿದುಕೊಂಡು, ಅವನ ಹಾಗೆಯೇ ಸೋಫಾದಿಂದ ಉರುಳಿ ಸತ್ತು ತೋರಿಸಿದೆ. ಮನೆಯೆಲ್ಲ ನಕ್ಕಿತು. ಚಿಕ್ಕಪ್ಪ ಮಾತ್ರ ನಗದೆ ಪಕ್ಕಕ್ಕೆ ಬಂದು ಕುಳಿತ. ಅವನ ಅಂಗಿಯಿಂದ ಕುದುರೆ ಬೆವರಿನ ವಾಸನೆ ಬರುತ್ತಿತ್ತು.

“ಬೀಳುವಾಗ ಕೈ ಊರಬೇಡ, ಮುರೀತದೆ. ಹೆಗಲು ಕೊಟ್ಟು ಬೀಳು.”