ಬೇರು ಬಿಡದ ಕೊಳವೆ

"ಇನ್ನೊಂದು ಸಹಿ, ಅಷ್ಟೇ," ಎಂದು ಇಂಜಿನಿಯರ್ ತಿಲಗವತಿ ಪೆನ್ನಿನ ಮುಚ್ಚಳ ತೆಗೆದಳು. ಮುತ್ತಯ್ಯ ಹೆಗಲ ಮೇಲಿನ ಟವಲಿನಿಂದ ಜೀಪಿನ ಬಾನೆಟ್ಟನ್ನು ಗಸಗಸ ಒರೆಸಿ, ಕಾಗದ ಇಟ್ಟುಕೊಳ್ಳಲು ಜಾಗ ಮಾಡಿಕೊಟ್ಟ. ತಮಿಳುನಾಡಿನ ಓಡೈಪಟ್ಟಿಯಲ್ಲಿ ರಸ್ತೆಗೆ ತಾಗಿದ ದ್ರಾಕ್ಷಿ ಚಪ್ಪರವನ್ನು ತೆಗೆಸಿ, ಸರ್ಕಾರದ ನೆರವು ನಂಬಿಕೊಂಡು ಅವನು ಕಟ್ಟಿಸಿದ ಕಾರು ಚಾರ್ಜಿಂಗ್ ಸ್ಟೇಷನ್ನು ಆ ಸಹಿ ಬಿದ್ದರೆ ಪಾಸು. ಪರೀಕ್ಷೆಗೆಂದು ಕೊಟ್ಟ ಕರೆಂಟು ಆಗಲೇ ಹರಿಯುತ್ತಿತ್ತು. ಆಳೆತ್ತರದ ಕಬ್ಬಿಣದ ಪೆಟ್ಟಿಗೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು.

ಅಷ್ಟರಲ್ಲಿ ಮುತ್ತಯ್ಯನ ತಾಯಿ ಲಕ್ಷ್ಮಿಯಮ್ಮಾಳ್ ಬರಿಗಾಲಲ್ಲಿ, ಸೊಂಟದ ಮೇಲೆ ತುಂಬಿದ ಕೊಡ ಹೊತ್ತು ಬಂದಳು. ಪೆಟ್ಟಿಗೆಯ ಬುಡದಲ್ಲಿ ಸಿಮೆಂಟಿನ ಪುಟ್ಟ ಗುಂಡಿ, ಅದರ ನಡುವೆ ತಲೆ ಮಾತ್ರ ಕಾಣುವ ಒಂದು ಕೊಳವೆ. ಮಂಡಿನೋವಿನ ಮುದುಕಿ ಒದ್ದೆ ಎಡಗೈಯನ್ನು ಪೆಟ್ಟಿಗೆಗೆ ಊರಿ, 'ಶಿವನೇ' ಎಂದು ಬಗ್ಗಿ, ನೀರನ್ನೆಲ್ಲ ಗುಂಡಿಗೆ ಸುರಿದಳು.

"ಸೂಪರ್ ಪಾಟಿ! ಅವತ್ತು ನಾ ಹೇಳಿದ್ದ ಮರೀಲೇ ಇಲ್ಲ ನೀವು," ಎಂದು ತಿಲಗವತಿ ಅಜ್ಜಿಯ ಕಡೆ ನೋಡಿ ನಕ್ಕಳು. ಅವಳೂ ಕಂಬಂ ಕಡೆಯ ಕನ್ನಡದ ಮನೆಯವಳೇ. ಮನೆಮಾತು ಪೂರಾ ಅರ್ಥವಾಗುತ್ತಿತ್ತು, ಆಡಲು ಹೋದರೆ ಮಾತ್ರ ತಮಿಳು ಮುಂದೆ ಬಂದು ನಿಲ್ಲುತ್ತಿತ್ತು. ಹೋದ ಸಲ ಬಂದಾಗ, ಅರ್ತ್ ಗುಂಡಿ ಒಣಗಬಾರದು, ನೀರು ಹಾಕುತ್ತಿರಿ ಎಂದು ಅವಳು ಹೇಳಿದ್ದು ಮುತ್ತಯ್ಯನಿಗೆ. ಕೇಳಿಸಿಕೊಂಡದ್ದು ಮುದುಕಿ. ಅರ್ತ್ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನೆಟ್ಟಿದ್ದಕ್ಕೆ ನೀರು ಹಾಕಬೇಕೆಂದು ಯಾರೂ ಹೇಳಬೇಕಾಗಿಯೂ ಇರಲಿಲ್ಲ.

"ದಿನಾ ಹಾಕ್ತಾನೇ ಇವ್ನಿ ತಾಯಿ. ಆದ್ರೆ ಇದು ಹಿಡೀತಾ ಇಲ್ಲ," ಎಂದಳು ಲಕ್ಷ್ಮಿಯಮ್ಮಾಳ್.

"ಹಿಡೀತಾ ಇಲ್ಲ ಅಂದ್ರೆ?"

"ಈ ಕೈಯಾಗೆ ಎಷ್ಟು ದ್ರಾಕ್ಷಿ ಕಡ್ಡಿ ನೆಟ್ಟಿವ್ನಿ, ನಂಗೆ ಗೊತ್ತಾಗಾಕಿಲ್ವಾ? ಬೇರು ಬಿಟ್ಟ ಕಡ್ಡೀನ ಮೆತ್ತಗೆ ಎಳುದ್ರೆ ಬತ್ತದಾ? ಮಣ್ಣೇ ಬಿಡಾಕಿಲ್ಲ. ಇದ ನೋಡು..."

"ಅವ್ವಾ, ಬ್ಯಾಡ! ಮುಟ್ಬ್ಯಾಡ ಅದ!" ಎಂದು ಮುತ್ತಯ್ಯ ಕಿರುಚಿದ.

ಮುದುಕಿ ಆಗಲೇ ಎಳೆದಾಗಿತ್ತು. ಒಂದು ಮೂಲಂಗಿ ಕೀಳುವಷ್ಟೂ ಕಷ್ಟವಾಗಲಿಲ್ಲ. ಆಳಿನ ಎತ್ತರಕ್ಕಿಂತ ಹೆಚ್ಚು ಆಳಕ್ಕೆ ಇಳಿದಿರಬೇಕಾದ ಕೊಳವೆ, ಮೊಳದುದ್ದದ ತುಂಡಾಗಿ ಅವಳ ಕೈಯಲ್ಲಿ ತೂಗಾಡಿತು. ಅದಕ್ಕೆ ಬಿಗಿದಿದ್ದ ಹಸಿರು ವೈರೂ ಕೆಸರು ತೊಟ್ಟಿಕ್ಕಿಸುತ್ತ ಜೊತೆಗೇ ಎದ್ದು ಬಂತು.

ತಿಲಗವತಿಯ ಕೈಯಿಂದ ಪೆನ್ನು ಬಿತ್ತು. "ಮೇನ್ ಎಲ್ಲಿ? ಅಯ್ಯೋ, ಮೇನ್ ಎಲ್ಲಿ?" ಎನ್ನುತ್ತ ಓಡಿಹೋಗಿ ಗೋಡೆಯ ಸ್ವಿಚ್ಚನ್ನು ಕೆಳಗೆಳೆದಳು. ಹಸಿರು ದೀಪ ಆರಿತು. ಹೋದ ಸಲ ಆ ಕೊಳವೆಯ ತಲೆಯನ್ನಷ್ಟೇ ನೋಡಿ 'ಸರಿ ಇದೆ' ಎಂದು ಬರೆದುಕೊಂಡವಳು ಅವಳೇ. ಅರ್ತ್ ಅಳೆಯುವ ಮೀಟರು ಅಂದೂ ಜೀಪಿನಲ್ಲೇ ಇತ್ತು, ಇವತ್ತೂ ಚೀಲ ಬಿಚ್ಚದೆ ಅಲ್ಲೇ ಇತ್ತು.

ಮುತ್ತಯ್ಯ ಕೆಟ್ಟವನೇನಲ್ಲ, ಅವಸರದವನು. ಮೊಳ ಅಗೆಯುವುದರಲ್ಲಿ ಬಂಡೆ ಸಿಕ್ಕಿತ್ತು. ಕೊರೆಯುವ ಮಿಷಿನ್ನಿನವರು ಇವತ್ತು ನಾಳೆ ಎನ್ನುತ್ತ ಕೈಕೊಟ್ಟಿದ್ದರು. ಸ್ಟೇಷನ್ ಶುರುಮಾಡಲು ಆವಣಿ ತಿಂಗಳ ಒಳ್ಳೆಯ ದಿನ ತಪ್ಪಿಹೋಗುತ್ತದೆಂದು, "ಈಗ ಒಂದೊಂದು ತುಂಡು ನಿಲ್ಲಿಸು, ಫೋಟೋಗೆ ಸಾಕು. ಆಮೇಲೆ ನೋಡೋಣ," ಎಂದು ವೈರಿಂಗ್ ಮಾಡುವ ಕರುಪ್ಪಯ್ಯನಿಗೆ ಹೇಳಿದವನು ಇವನೇ. "ಬ್ಯಾಡ ಮಾಮಾ," ಎಂದು ಕರುಪ್ಪಯ್ಯ ತಲೆ ಕೆರೆದುಕೊಂಡಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ. 'ಆಮೇಲೆ' ಬರಲೇ ಇಲ್ಲ.

"ಪೆಟ್ಟಿಗೆಯೊಳಗೆ ಒಂದು ವೈರ್ ಸೋರಿದ್ರೆ ಸಾಕು," ಎಂದಳು ತಿಲಗವತಿ. ತಮಿಳೋ ಕನ್ನಡವೋ ಅವಳಿಗೇ ತಿಳಿಯುತ್ತಿರಲಿಲ್ಲ. "ಕರೆಂಟು ಮಣ್ಣಿಗೆ ಇಳಿಯಾಕೆ ದಾರೀನೇ ಇಲ್ಲ. ಮುಟ್ಟಿದವರ ಮೈಮೇಲೇ ಇಳೀತದೆ. ಯಾರು ಇದ ಹಿಂಗೆ ನೆಟ್ಟಿದ್ದು?"

ಲಕ್ಷ್ಮಿಯಮ್ಮಾಳಿಗೆ ಏನೂ ಅರ್ಥವಾಗಲಿಲ್ಲ. ನೆಟ್ಟಿದ್ದು ಒಣಗಿಹೋಯಿತೆಂದು ಹುಡುಗಿ ಇಷ್ಟು ಸಂಕಟಪಡುತ್ತಿದ್ದಾಳಲ್ಲ ಎಂದು ಅವಳಿಗೆ ಪಾಪವೆನಿಸಿತು. "ಹೋಗ್ಲಿ ಬುಡು ತಾಯಿ, ಬ್ಯಾರೆ ನೆಟ್ರಾಯ್ತು," ಎಂದು ಸಮಾಧಾನ ಹೇಳಿದಳು. "ಪೆಟ್ಟಿಗೆ ಆ ಕಡೆ ಇರೋ ಇನ್ನೊಂದು ಗುಂಡಿದೂ ನೆನ್ನೆ ಎಳೆದು ನೋಡ್ದೆ. ಅದೂ ಇಷ್ಟೇ ಉದ್ದ. ಮನಸು ತಡೀದೆ ಮತ್ತೆ ಊರಿ, ಎರಡು ಕೊಡ ನೀರು ಜಾಸ್ತೀನೇ ಹಾಕಿವ್ನಿ."

ತಿಲಗವತಿ ಮುತ್ತಯ್ಯನ ಕಡೆ ತಿರುಗಿದಳು. ಕರುಪ್ಪಯ್ಯನ ಹೆಸರು ಅವನ ನಾಲಿಗೆಯ ತುದಿಗೆ ಬಂದಿತ್ತು, ಹೇಳಿಬಿಟ್ಟರೆ ತಾನು ಪಾರು. ಹೇಳಲೆಂದು ತಲೆಯೆತ್ತಿದವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು.

ಬೋರಿನ ಉಪ್ಪುನೀರು ಒಣಗಿ ಪೆಟ್ಟಿಗೆಯ ಮೈಮೇಲೆ ಬೆಳ್ಳಗೆ ಕಲೆ ಕಟ್ಟಿತ್ತು. ಒಂದೇ ಎತ್ತರದಲ್ಲಿ, ಒಂದರ ಮೇಲೊಂದು, ಐದೈದು ಬೆರಳಿನ ಅವ್ವನ ಅಂಗೈ. ಎಲ್ಲಕ್ಕಿಂತ ಹೊಸದು ಇನ್ನೂ ಹಸಿಯಾಗಿತ್ತು.