ಪಕ್ಕದ ಕೋಣೆಯ ತಾಳ

ಒಂದಕ್ಕೊಂದು ಬೆರೆಸಲು ಹೊರಟಿದ್ದ ಎರಡು ಹಾಡುಗಳೂ ಮತ್ತೆ ಒಂದರ ಕಾಲಿಗೊಂದು ತೊಡರಿಕೊಂಡು ಮುಗ್ಗರಿಸಿದವು. ಮಗಳು ಕಂಪ್ಯೂಟರ್ ಪರದೆಯ ಮೇಲೆ ಓಡುವ ತಾಳದ ಗೆರೆಗಳನ್ನು ನೋಡುವುದು ಬಿಟ್ಟು ಕಣ್ಣು ಮುಚ್ಚಿದಳು. ಹೆಡ್‌ಫೋನನ್ನು ಒಂದೇ ಕಿವಿಗೆ ಉಳಿಸಿಕೊಂಡು, ಹಿಂದುಳಿದ ಹಾಡಿನ ತಿರುಗುವ ತಟ್ಟೆಯನ್ನು ಬೆರಳ ತುದಿಯಿಂದ ಒಂದಿಷ್ಟೇ ಮುಂದೆ ತಳ್ಳಿದಳು. ಸ್ಪೀಕರಿನಲ್ಲಿ ಎರಡೂ ಒಂದಾದವು. ಕೋಣೆಯೇ ನೀರಿನ ಮೇಲೆ ತೇಲಿದಂತಾಯಿತು.

ಆಗ ಬರಿಗಿವಿಗೆ ಮೂರನೆಯ ತಾಳವೊಂದು ಕೇಳಿಸಿತು. ಪಕ್ಕದ ಕೋಣೆಯಲ್ಲಿ ಅಮ್ಮನ ಹೊಲಿಗೆ ಮಷೀನು ಅದೇ ಲಯದಲ್ಲಿ ಓಡುತ್ತಿತ್ತು. ಡಿಜೆ ಆಗುತ್ತೇನೆಂದು ಮಗಳು ಹೇಳಿದ ದಿನದಿಂದ ಅಮ್ಮ ಮಾತು ಬಿಟ್ಟಿದ್ದಳು. ಮಗಳು ಹಾಡುಗಳ ವೇಗವನ್ನು ಮೆಲ್ಲಗೆ ತಗ್ಗಿಸಿದಳು. ಮಷೀನೂ ನಿಧಾನವಾಯಿತು. ಏರಿಸಿದಳು, ಅದೂ ಓಡಿತು. ನಂಬಲಾಗದೆ ಹಾಡನ್ನೇ ನಿಲ್ಲಿಸಿಬಿಟ್ಟಳು.

"ಯಾಕೆ ನಿಲ್ಲಿಸ್ದೆ?" ಎಂದಳು ಅಮ್ಮ, ಗೋಡೆಯಾಚೆಯಿಂದ. "ಅಂಗಿಗೆ ಇನ್ನೂ ಒಂದು ತೋಳು ಬಾಕಿ ಇದೆ ಕಣೆ."