ಹದಿಮೂರನೇ ನಿಮಿಷದ ಅಂಕಿ

“ಇನ್ನೂ ಎಷ್ಟು ಹೊತ್ತು?” ಅರಿವಳಿಕೆ ವೈದ್ಯೆ ಬಾಂಗ್ ಮಿರಾನ್ ಯಾರನ್ನೂ ನೋಡದೆ ಕೇಳಿದಳು. ಮೇಜಿನ ಮೇಲೆ ಏಳು ತಿಂಗಳ ಕೂಸು ಸೊಹಾಗೆ ನಿದ್ದೆ ಹತ್ತಿ ಹನ್ನೆರಡು ನಿಮಿಷವಾಗಿತ್ತು. ‘ಲಿಫ್ಟಿನ ಹತ್ತಿರ ಇದ್ದೀನಿ, ಮಲಗಿಸಿ’ ಎಂದು ಫೋನಿನಲ್ಲಿ ಹೇಳಿದ್ದ ಕಣ್ಣಿನ ತಜ್ಞ ಪ್ರೊಫೆಸರ್ ಓಕ್ ಇನ್ನೂ ಬಂದಿರಲಿಲ್ಲ. ಕಣ್ಣಿನ ಒತ್ತಡ ಅಳೆಯುವ ಪೆನ್ನಿನಂಥ ಉಪಕರಣ ತಟ್ಟೆಯಲ್ಲೇ ಇತ್ತು.

“ಊಟಕ್ಕೆ ಕೂತಾಗ ದೊಡ್ಡೋರು ಚಮಚ ಎತ್ತದೆ ನಾವು ಎತ್ತೋ ಹಾಗಿಲ್ವಲ್ಲ ಡಾಕ್ಟ್ರೇ,” ಎಂದು ನರ್ಸ್ ಪ್ಯೋ ನಕ್ಕಳು. ಮಿರಾನ್‌ಗೆ ನಗು ಬರಲಿಲ್ಲ. ಅವಳೂ ಆ ಉಪಕರಣವನ್ನು ಮುಟ್ಟಿರಲಿಲ್ಲ. ಅರಿವಳಿಕೆ ಆಳಕ್ಕಿಳಿದಂತೆ ಕಣ್ಣಿನ ಒತ್ತಡವೂ ಇಳಿಯುತ್ತದೆ. ನಿದ್ದೆ ಹತ್ತಿದೊಡನೆ ಅಳೆಯದಿದ್ದರೆ ಸಿಗುವ ಅಂಕಿ ಮಗುವಿನದಲ್ಲ, ಔಷಧದ್ದು. ಸೊಹಾಳ ಎಡಗಣ್ಣು ಒತ್ತಡದಿಂದಲೇ ಆರಿಹೋಗಿತ್ತು. ಉಳಿದಿದ್ದುದು ಬಲಗಣ್ಣೊಂದೇ.

ಓಕ್ ಬಂದರು, ಬಲಗಣ್ಣಿಗೆ ಉಪಕರಣ ತಾಗಿಸಿದರು. “ಹದಿನಾಲ್ಕು. ಚೆನ್ನಾಗಿದೆ. ಆಪರೇಷನ್ ಬೇಡ ಅಂತ ತಾಯಿಗೆ ಹೇಳಿ.”

“ಹದಿಮೂರು ನಿಮಿಷ ಆಗಿದೆ ಗುರುಗಳೇ,” ಎಂದಳು ಮಿರಾನ್. “ ನಿಜವಾದ ಒತ್ತಡ ಇದಕ್ಕಿಂತ ತುಂಬಾ ಜಾಸ್ತಿ ಇರಬಹುದು. ಇನ್ನೊಂದು ದಿನ ಮಲಗಿಸಿ ಅಳೆಯೋಣ.”

“ನಾನು ತಡವಾಗಿ ಬಂದೆ ಅಂತ ಆ ತಾಯಿಗೆ ಯಾರು ಹೇಳೋದು, ನೀನಾ?” ಓಕ್ ಕೈಗವಸು ಕಳಚಿ ದನಿ ತಗ್ಗಿಸಿದರು. “ನಿನಗೆ ಕೆಲಸ ಕೊಡಿಸಿದೋನು ನಾನು ಕಣಮ್ಮ. ಮೊದಲನೇ ನಿಮಿಷದಲ್ಲೇ ಅಳೆದರು ಅಂತ ಬರಿ.”

ಮಿರಾನ್ ದಾಖಲೆಯ ಹಾಳೆಯನ್ನು ಎರಡೂ ಕೈಯಿಂದ ಎದೆಗೊತ್ತಿಕೊಂಡು, ಸೊಂಟದವರೆಗೂ ಬಾಗಿ ವಂದಿಸಿದಳು.

“ಬರೆಯೋದಿಲ್ಲ, ಗುರುಗಳೇ.”